ಒಂದೆಲಗವನ್ನು ಬರೆಯುವುದು

(ಮಲೆನಾಡಿನಲ್ಲಿ ಗಿಡಮೂಲಿಕೆಗಳ ಚಿತ್ರ ಬರೆಯಲು ಕಲಿಯುವವರಿಗಾಗಿ ನಡೆದ ಶಿಬಿರವೊಂದರಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)

ನೀವು ಒಳಗೆ ಬರುವಾಗ ಪ್ರತಿಯೊಬ್ಬರ ಕೈಗೂ ಒಂದೊಂದು ಎಲೆ ಕೊಟ್ಟಿದ್ದೇವೆ. ಬೆಳಿಗ್ಗೆ ಅಡಿಕೆ ತೋಟದ ಕಪ್ಪಿನ, ಎಂದರೆ ಬಸಿಗಾಲುವೆಯ, ಅಂಚಿನಿಂದ ಕಿತ್ತು, ತೊಳೆದು ತಂದದ್ದು. ಕೆಲವರು ಆಗಲೇ ಬಾಯಿಗೆ ಹಾಕಿಕೊಂಡಿದ್ದಾರೆ. ಅವರಿಗೆ ಇನ್ನೊಂದು ಕೊಡುತ್ತೇವೆ. ಉಳಿದವರು ಮಾತು ಮುಗಿಯುವವರೆಗೆ ಅದನ್ನು ಕೈಯಲ್ಲೇ ಇಟ್ಟುಕೊಳ್ಳಿ, ಒಣಗದಂತೆ ಒದ್ದೆ ಬಟ್ಟೆಯಲ್ಲಿ ಸುತ್ತಿಡಿ.

ಇದಕ್ಕೆ ನಾವು ಒಂದೆಲಗ ಎನ್ನುತ್ತೇವೆ. ಘಟ್ಟ ಇಳಿದರೆ ತುಳುವಿನಲ್ಲಿ ತಿಮರೆ. ಕೊಂಕಣಿಯವರ ಮನೆಯಲ್ಲಿ ಎಕ್ಪಾನಿ. ಅದರ ಅರ್ಥವೂ ಒಂದೆಲೆ ಎಂದೇ. ತಮಿಳರಿಗೆ ವಲ್ಲಾರೈ, ಶ್ರೀಲಂಕಾದವರಿಗೆ ಗೊಟುಕೊಳ. ಸಂಸ್ಕೃತದಲ್ಲಿ ಮಂಡೂಕಪರ್ಣಿ, ಕಪ್ಪೆಯ ನೆನಪು ತರುವ ಎಲೆ. ಕೆಸರಿನಲ್ಲಿ ಕಪ್ಪೆ ಕುಳಿತ ಜಾಗದಲ್ಲೇ ಇದೂ ಇರುತ್ತದೆ. ಪೇಟೆಗೆ ಹೋದರೆ ಬ್ರಾಹ್ಮಿ ಎನ್ನುತ್ತಾರೆ, ಸರಸ್ವತಿ ಸೊಪ್ಪು ಎನ್ನುತ್ತಾರೆ. ಈ ಬ್ರಾಹ್ಮಿ ಎಂಬ ಹೆಸರಿನ ತಕರಾರು ದೊಡ್ಡದು, ಸ್ವಲ್ಪ ಹೊತ್ತಿನಲ್ಲಿ ಅಲ್ಲಿಗೆ ಬರುತ್ತೇನೆ.

ನಾನು ಮೊದಲ ಬಾರಿ ಒಂದೆಲಗದ ಚಿತ್ರ ಬರೆದದ್ದು ಆರನೆಯ ತರಗತಿಯಲ್ಲಿ. ಶಾಲೆಯಲ್ಲಿ ಔಷಧಿ ಗಿಡಗಳ ಪುಸ್ತಕ ಮಾಡಿಕೊಂಡು ಬರಲು ಹೇಳಿದ್ದರು. ಹತ್ತು ಗಿಡಗಳ ಚಿತ್ರಗಳನ್ನು ಒಂದೇ ಸಂಜೆ ಮುಗಿಸಿದೆ. ಎಲ್ಲಕ್ಕೂ ನಡುವೆ ಒಂದು ನೆಟ್ಟಗಿನ ಕಾಂಡ, ಎರಡೂ ಬದಿಗೆ ಎಲೆಗಳು, ತುದಿಯಲ್ಲಿ ಒಂದು ಹೂವು. ಅಜ್ಜಿಗೆ ಓದಲು ಬರುತ್ತಿರಲಿಲ್ಲ. ಪುಸ್ತಕವನ್ನು ಮಡಿಲಲ್ಲಿಟ್ಟುಕೊಂಡು ಒಂದೊಂದೇ ಹಾಳೆ ತಿರುವುತ್ತಾ ಬಂದವರು ಒಂದೆಲಗದ ಪುಟದಲ್ಲಿ ನಿಂತು, "ಇದು ಯಾವುದು?" ಎಂದು ಕೇಳಿದರು. ಒಂದೆಲಗ ಎಂದೆ. "ಒಂದೆಲಗಕ್ಕೆ ಕೊಂಬೆ ಎಲ್ಲಿದೆ ಮಗಳೇ? ನಿನ್ನೆ ತಂಬುಳಿಗೆ ನೀನೇ ಕೊಯ್ದು ತಂದೆಯಲ್ಲ, ಏನನ್ನು ನೋಡಿ ಕೊಯ್ದೆ?" ಎಂದರು.

ಆ ಪ್ರಶ್ನೆ ಇವತ್ತಿಗೂ ನನ್ನ ಜೊತೆ ಇದೆ. ದಿನವೂ ಕೊಯ್ಯುತ್ತಿದ್ದೆ, ದಿನವೂ ಉಣ್ಣುತ್ತಿದ್ದೆ, ಆದರೆ ಒಮ್ಮೆಯೂ ನೋಡಿರಲಿಲ್ಲ. ಮರುದಿನ ಅಜ್ಜಿ ನನ್ನನ್ನು ಬಾವಿಕಟ್ಟೆಯ ಹಿಂದಕ್ಕೆ ಕರೆದುಕೊಂಡು ಹೋಗಿ, ನೆಲಕ್ಕೆ ಕುಕ್ಕರುಗಾಲಿನಲ್ಲಿ ಕೂರಿಸಿ, ಒಂದು ಬಳ್ಳಿಯನ್ನು ಬೆರಳಿನಿಂದ ಮೆಲ್ಲಗೆ ಎತ್ತಿ ತೋರಿಸಿದರು. ಅದು ನೆಲ ಬಿಟ್ಟು ಏಳುವುದಿಲ್ಲ. ದಾರದಂಥ ಬಳ್ಳಿ ಮಣ್ಣಿನ ಮೇಲೆ ಹರಿಯುತ್ತಾ ಹೋಗಿ ಗೆಣ್ಣು ಗೆಣ್ಣಿನಲ್ಲಿ ಬೇರು ಬಿಡುತ್ತದೆ. ಅಲ್ಲಿಂದ ಉದ್ದನೆಯ ತೊಟ್ಟುಗಳು ಮೇಲೇಳುತ್ತವೆ, ಪ್ರತಿ ತೊಟ್ಟಿನ ತಲೆಯ ಮೇಲೂ ಒಂದೇ ಎಲೆ. ಹೆಸರನ್ನು ಇಟ್ಟವರು ನೋಡಿಯೇ ಇಟ್ಟಿದ್ದಾರೆ. ಹೂವು ಎಲ್ಲಿ ಎಂದು ಕೇಳಿದೆ. ಎಲೆಗಳನ್ನು ಸರಿಸಿ, ಮಣ್ಣಿಗೆ ಹತ್ತಿಕೊಂಡಂತೆ ಇದ್ದ, ಸಾಸಿವೆಗಿಂತ ಸ್ವಲ್ಪ ದೊಡ್ಡದಾದ, ನಸುಗೆಂಪಿನ ಹೂಗಳ ಪುಟ್ಟ ಗೊಂಚಲು ತೋರಿಸಿದರು. ಆ ಹೂವನ್ನು ನೋಡಬೇಕಾದರೆ ತಲೆ ನೆಲಕ್ಕೆ ತಾಗುವಷ್ಟು ಬಾಗಬೇಕು. ಈಗಲೂ ನಾನು ಶಿಬಿರಗಳಲ್ಲಿ ಮೊದಲ ದಿನ ಎಲ್ಲರನ್ನೂ ಹಾಗೆ ಬಾಗಿಸುತ್ತೇನೆ. ಗಿಡಕ್ಕೆ ನಮಸ್ಕಾರ ಮಾಡಿ ಎಂದು ಬೇರೆ ಹೇಳಬೇಕಾಗುವುದಿಲ್ಲ.

ನಿಮ್ಮ ಎಲೆಯನ್ನು ಒಮ್ಮೆ ಬೆಳಕಿಗೆ ಹಿಡಿಯಿರಿ. ಮೂತ್ರಪಿಂಡದ ಆಕಾರ. ತೊಟ್ಟು ಬಂದು ಸೇರುವ ಕಡೆ ಒಳಕ್ಕೆ ಸೀಳಿದ ಕಚ್ಚು ಇದೆ. ಅಂಚಿನುದ್ದಕ್ಕೂ ದುಂಡಗಿನ ಹಲ್ಲುಗಳು. ಆ ಕಚ್ಚಿನಿಂದ ನರಗಳು ಬಿಚ್ಚಿದ ಬೆರಳುಗಳ ಹಾಗೆ ಹರಡಿಕೊಂಡಿವೆ. ತೊಟ್ಟನ್ನು ಸ್ವಲ್ಪ ಹಿಸುಕಿ ಮೂಸಿ. ಕೊತ್ತಂಬರಿ, ಜೀರಿಗೆ, ಓಮ, ಗಜ್ಜರಿ ಇವುಗಳ ಕುಟುಂಬದ್ದೇ ಇದು. ಮೂಗಿಗೆ ಆ ನೆಂಟಸ್ತಿಕೆ ಸ್ವಲ್ಪ ತಿಳಿಯುತ್ತದೆ. ಲಿನೇಯಸ್ 1753ರಲ್ಲಿ ಇದನ್ನು ಹೈಡ್ರೋಕೋಟೈಲ್ ಏಷಿಯಾಟಿಕಾ ಎಂದು ಕರೆದ. 1879ರಲ್ಲಿ ಜರ್ಮನಿಯ ಅರ್ಬನ್ ಅದನ್ನು ಅಲ್ಲಿಂದ ತೆಗೆದು ಸೆಂಟೆಲ್ಲಾ ಏಷಿಯಾಟಿಕಾ ಮಾಡಿದ. ಈ ಹೈಡ್ರೋಕೋಟೈಲ್ ಎಂಬ ಹೆಸರನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಇದರ ಔಷಧಿ ಗುಣದ ಮಾತು. ಚರಕ ಸಂಹಿತೆಯ ರಸಾಯನದ ಅಧ್ಯಾಯದಲ್ಲಿ ಮೇಧ್ಯ, ಎಂದರೆ ಬುದ್ಧಿಗೆ ಹಿತವಾದ, ನಾಲ್ಕು ಗಿಡಗಳನ್ನು ಹೇಳಿದೆ. ಜ್ಯೇಷ್ಠಮಧುವಿನ ಪುಡಿ ಹಾಲಿನ ಜೊತೆ, ಅಮೃತಬಳ್ಳಿಯ ರಸ, ಶಂಖಪುಷ್ಪಿಯ ಕಲ್ಕ, ಎಂದರೆ ಅರೆದ ಮುದ್ದೆ; ಇವೆಲ್ಲಕ್ಕಿಂತ ಮೊದಲು ಬರುವುದು ಮಂಡೂಕಪರ್ಣಿಯ ಸ್ವರಸ. ಸ್ವರಸ ಎಂದರೆ ಹಸಿ ಎಲೆಯನ್ನು ಜಜ್ಜಿ ಹಿಂಡಿದ್ದು, ಕುದಿಸಿದ್ದಲ್ಲ. ನಮ್ಮ ಅಡುಗೆಮನೆ ಏನು ಮಾಡುತ್ತದೆ ನೋಡಿ. ಎಲೆಯನ್ನು ಒಂದು ಚಮಚ ತುಪ್ಪದಲ್ಲಿ ಜೀರಿಗೆ, ಕಾಳುಮೆಣಸಿನ ಜೊತೆ ಬಾಡಿಸಿ, ಇಲ್ಲವೇ ಹಸಿಯಾಗಿಯೇ ಕಾಯಿತುರಿಯೊಡನೆ ರುಬ್ಬಿ, ಮಜ್ಜಿಗೆ ಬೆರೆಸಿ, ಒಗ್ಗರಣೆ ಹಾಕಿದರೆ ತಂಬುಳಿ. ತಂಪಾದ ಹುಳಿ. ಕುದಿಸುವ ಪ್ರಶ್ನೆಯೇ ಇಲ್ಲ. ತಂಬುಳಿ ಮಾಡುತ್ತಿದ್ದ ನಮ್ಮ ಅಜ್ಜಿಯಂಥವರು ಚರಕನನ್ನು ಓದಿದವರಲ್ಲ. ಆದರೂ ಆ ಸೂತ್ರ ಮತ್ತು ಈ ಒರಳು ಒಂದೇ ಕಡೆ ಬಂದು ನಿಂತಿವೆ. ತಂಬುಳಿ ಕಲಸಿದ ಅನ್ನವನ್ನು ಮೊದಲ ತುತ್ತಾಗಿ ಬಡಿಸುವುದು ನನ್ನ ಪಾಲಿಗೆ ಗಿಡಕ್ಕೆ ಸಲ್ಲುವ ದೊಡ್ಡ ಮರ್ಯಾದೆ.

ಗಾಯಕ್ಕೆ ಇದನ್ನು ಹಚ್ಚುವುದು ಹಲವು ದೇಶಗಳ ಜನರಿಗೆ ಗೊತ್ತಿತ್ತು. 1940ರ ದಶಕದಲ್ಲಿ ಮಡಗಾಸ್ಕರ್ ದ್ವೀಪದ ಒಂದೆಲಗದಿಂದ ಏಷಿಯಾಟಿಕೋಸೈಡ್ ಎಂಬ ಅಂಶವನ್ನು ಬೇರ್ಪಡಿಸಿದರು, ಕುಷ್ಠ ರೋಗಿಗಳ ಹುಣ್ಣುಗಳ ಮೇಲೆ ಪ್ರಯೋಗಿಸಿದರು. ಇಂದು ಔಷಧಿ ಅಂಗಡಿಯಲ್ಲಿ ಸಿಗುವ ಕೆಲವು ಮುಲಾಮುಗಳಲ್ಲಿ ಅದು ಇದೆ. ಒಂದು ಎಚ್ಚರಿಕೆಯನ್ನೂ ಹೇಳಬೇಕು. ಊಟದ ತಂಬುಳಿ ಬೇರೆ, ಗುಳಿಗೆ ರೂಪದ ಸಾರವನ್ನು ತಿಂಗಳುಗಟ್ಟಲೆ ನುಂಗುವುದು ಬೇರೆ. ಹಾಗೆ ನುಂಗಿದವರಲ್ಲಿ ಯಕೃತ್ತಿಗೆ ತೊಂದರೆಯಾದ ವರದಿಗಳಿವೆ. ಔಷಧಿ ಎಂದು ತೆಗೆದುಕೊಳ್ಳುವವರು ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳಿ. ಕಳೆನಾಶಕ ಹೊಡೆದ ಬದುವಿನದು, ಚರಂಡಿ ಬದಿಯದು ಎಷ್ಟು ಸೊಂಪಾಗಿ ಕಂಡರೂ ಬೇಡ.

ಈಗ ಆ ಹೆಸರಿನ ತಕರಾರಿಗೆ ಬರುತ್ತೇನೆ. ಕೆಲವು ವರ್ಷಗಳ ಹಿಂದೆ ನನ್ನ ಚಿತ್ರ ತರಗತಿಗೆ ಎಲ್ಲರೂ ತಮ್ಮ ಮನೆಯ ಬ್ರಾಹ್ಮಿಯನ್ನು ಕುಂಡ ಸಮೇತ ತರಬೇಕೆಂದು ಹೇಳಿದ್ದೆ. ಹನ್ನೊಂದು ಕುಂಡಗಳು ಬಂದವು. ಸಾಲಾಗಿ ಇಟ್ಟು ನೋಡಿದರೆ ಮೂರು ಬೇರೆ ಬೇರೆ ಗಿಡಗಳು! ಆರು ಕುಂಡಗಳಲ್ಲಿ ಒಂದೆಲಗ. ಎರಡರಲ್ಲಿ ನೀರುಬ್ರಾಹ್ಮಿ. ಉಳಿದ ಮೂರರಲ್ಲಿ ಬೇರೆಯದೇ ಒಂದು, ದುಂಡು ದುಂಡು ಎಲೆಯ, ಹೊಳಪಾದ ಗಿಡ. ತಂದವರಲ್ಲಿ ಒಬ್ಬ ತಾಯಿ ಮಗನ ಪರೀಕ್ಷೆ ಮುಗಿಯುವವರೆಗೆ ದಿನವೂ ಅದರ ಎಲೆಯನ್ನು ಅರೆದು ಕೊಟ್ಟಿದ್ದರಂತೆ. ಸಸಿ ಮಾರಿದವರು ಬ್ರಾಹ್ಮಿ ಎಂದು ಹೇಳಿಯೇ ಕೊಟ್ಟಿದ್ದರು.

ನಾನು ಯಾರಿಗೂ ಏನೂ ಹೇಳಲಿಲ್ಲ. ಮೂರು ಗಿಡಗಳನ್ನೂ ಮುಂದಿಟ್ಟು, ಮೂರನ್ನೂ ಬರೆಯಿರಿ, ತೊಟ್ಟು ಎಲೆಗೆ ಸೇರುವ ಜಾಗದಿಂದ ಶುರು ಮಾಡಿ ಎಂದೆ. ಹತ್ತು ನಿಮಿಷ ಕಳೆಯುವ ಮೊದಲೇ ಆ ತಾಯಿ ತಲೆ ಎತ್ತಿ, "ಮೇಡಂ, ನನ್ನ ಗಿಡದ ಎಲೆಗೆ ಕಚ್ಚೇ ಇಲ್ಲವಲ್ಲ, ತೊಟ್ಟು ನಡುಮಧ್ಯದಲ್ಲಿ ಬಂದು ಸೇರುತ್ತದೆ, ಕೊಡೆಯ ಹಿಡಿಯ ಹಾಗೆ" ಎಂದರು. ಅದೇ ಹೈಡ್ರೋಕೋಟೈಲ್ ಜಾತಿಯದು, ಅಲಂಕಾರಕ್ಕೆ ಕುಂಡದಲ್ಲಿ, ಮೀನಿನ ತೊಟ್ಟಿಯಲ್ಲಿ ಬೆಳೆಸುವಂಥದ್ದು. ನೀರುಬ್ರಾಹ್ಮಿಯ ಮಾತೇ ಬೇರೆ. ಅದರ ಎಲೆಗಳು ಸಣ್ಣವು, ದಪ್ಪನೆಯವು, ಕಾಂಡದ ಮೇಲೆ ಎದುರು ಬದುರಾಗಿ ಜೋಡಿ ಜೋಡಿಯಾಗಿ ಇರುತ್ತವೆ. ಹೂವು ಬಿಳಿ ಅಥವಾ ತೆಳು ನೇರಳೆ, ಐದು ಎಸಳು. ಅದಕ್ಕೂ ಒಂದೆಲಗಕ್ಕೂ ಕುಟುಂಬದ ಸಂಬಂಧವೂ ಇಲ್ಲ. ಕೇರಳದ ವೈದ್ಯರಿಗೆ ಬ್ರಾಹ್ಮಿ ಎಂದರೆ ನೀರುಬ್ರಾಹ್ಮಿ. ಉತ್ತರದ ಅನೇಕ ಕಡೆ ಬ್ರಾಹ್ಮಿ ಎಂದರೆ ಒಂದೆಲಗ. ಭಾರತದ ಆಯುರ್ವೇದ ಔಷಧಕೋಶ ಇವೆರಡನ್ನೂ ಬೇರ್ಪಡಿಸಿ, ಬ್ರಾಹ್ಮಿ ಎಂದರೆ ಬಕೋಪಾ ಮೊನಿಯೇರಿ (ನೀರುಬ್ರಾಹ್ಮಿ), ಮಂಡೂಕಪರ್ಣಿ ಎಂದರೆ ಸೆಂಟೆಲ್ಲಾ ಏಷಿಯಾಟಿಕಾ ಎಂದು ಬರೆದಿದೆ. ಸಂತೆಯಲ್ಲಿ, ಕುಂಡದ ಚೀಟಿಯಲ್ಲಿ ಆ ಗೆರೆ ಇನ್ನೂ ಬಿದ್ದಿಲ್ಲ. ಹೆಸರು ಕೈ ಬದಲಾಯಿಸುತ್ತಾ ಹೋಗುತ್ತದೆ, ಎಲೆಯ ಕಚ್ಚು ಬದಲಾಗುವುದಿಲ್ಲ. ಆದ್ದರಿಂದಲೇ ಚಿತ್ರ ಬರೆಯುವುದನ್ನು ನಾನು ವೈದ್ಯದ ಹೊರಗಿನ ಅಲಂಕಾರ ಎಂದು ಒಪ್ಪುವುದಿಲ್ಲ. ಅದು ವೈದ್ಯದ ಮೊದಲ ಕೆಲಸ.

ಇದನ್ನು ಬಹಳ ಹಿಂದಿನವರೂ ತಿಳಿದಿದ್ದರು, ಅದರ ಅಪಾಯವನ್ನೂ ತಿಳಿದಿದ್ದರು. ಕ್ರಿಸ್ತಶಕ ಮೊದಲನೆಯ ಶತಮಾನದ ರೋಮಿನ ಪ್ಲಿನಿ, ಗಿಡಗಳ ಚಿತ್ರ ಬರೆದು ಕೆಳಗೆ ಗುಣಗಳನ್ನು ಬರೆಯುತ್ತಿದ್ದ ಗ್ರೀಕ್ ವೈದ್ಯರನ್ನು ನೆನೆಯುತ್ತಾನೆ, ಜೊತೆಗೆ ದೂರುತ್ತಾನೆ. ಗಿಡದ ಒಂದು ಹೊತ್ತಿನ ರೂಪವನ್ನು ಬರೆದರೆ ಸಾಲದು, ಋತುವಿಗೆ ಋತುವಿಗೆ ಅದು ಬದಲಾಗುತ್ತದೆ. ಮೇಲಾಗಿ ಚಿತ್ರವನ್ನು ನೋಡಿ ಚಿತ್ರ ನಕಲು ಮಾಡುವವರು ಪ್ರತಿ ಸಲವೂ ಕೆಡಿಸುತ್ತಾರೆ ಎಂದು. ನನ್ನ ಆರನೆಯ ತರಗತಿಯ ಪುಸ್ತಕಕ್ಕೆ ಈ ದೂರು ಪೂರ್ತಿ ಅನ್ವಯಿಸುತ್ತದೆ. ಇವತ್ತು ಮೊಬೈಲಿನಲ್ಲಿ ಸಿಕ್ಕ ಪಟವನ್ನು ನೋಡಿ ಗಿಡದ ಚಿತ್ರ ಬರೆಯುವವರಿಗೂ ಅನ್ವಯಿಸುತ್ತದೆ. ದಯವಿಟ್ಟು ಹಾಗೆ ಬರೆಯಬೇಡಿ. ಗಿಡದ ಮುಂದೆಯೇ ಕುಳಿತುಕೊಳ್ಳಿ.

ವಿಯೆನ್ನಾದ ರಾಷ್ಟ್ರೀಯ ಗ್ರಂಥಾಲಯದಲ್ಲಿ ಪ್ರಾಚೀನ ಗ್ರೀಕ್ ವೈದ್ಯ ಡಯಾಸ್ಕೊರಿಡಿಸ್‌ನ ಮೂಲಿಕೆಗಳ ಒಂದು ಚಿತ್ರಿತ ಹಸ್ತಪ್ರತಿ ಇದೆ. 512ರ ಸುಮಾರಿಗೆ ಕಾನ್‌ಸ್ಟಾಂಟಿನೋಪಲಿನಲ್ಲಿ ಅನಿಸಿಯಾ ಜೂಲಿಯಾನಾ ಎಂಬ ರಾಜವಂಶದ ಹೆಂಗಸಿಗಾಗಿ ಮಾಡಿದ್ದು. ಅದರಲ್ಲಿ ನನ್ನ ಮನಸ್ಸು ಸೆಳೆಯುವುದು ಚಿತ್ರಗಳಷ್ಟೇ ಅಲ್ಲ. ಅವುಗಳ ಪಕ್ಕದಲ್ಲಿ ನಂತರದ ಶತಮಾನಗಳ ಓದುಗರು ಅರಬ್ಬಿಯಲ್ಲಿ, ಹೀಬ್ರೂವಿನಲ್ಲಿ ಗಿಡದ ಹೆಸರನ್ನು ಬರೆದುಕೊಂಡಿದ್ದಾರೆ. ಗ್ರೀಕ್ ಬಾರದವರಿಗೂ ಆ ಎಲೆ ಗುರುತು ಹೇಳಿತ್ತು.

ನಮ್ಮ ಕರಾವಳಿಯ ಕೆಳಗೇ ಇಂಥದೊಂದು ದೊಡ್ಡ ಕೆಲಸ ನಡೆಯಿತು. ಕೊಚ್ಚಿಯಲ್ಲಿ ಡಚ್ಚರ ಅಧಿಕಾರಿಯಾಗಿದ್ದ ವಾನ್ ರೀಡ್ ಮಲಬಾರಿನ ಗಿಡಗಳನ್ನು ಬರೆಸಿದ. ಆಮ್‌ಸ್ಟರ್‌ಡ್ಯಾಮಿನಲ್ಲಿ 1678ರಿಂದ 1693ರವರೆಗೆ ಹನ್ನೆರಡು ಸಂಪುಟಗಳಾಗಿ ಅಚ್ಚಾದ ಹೊರ್ಟಸ್ ಮಲಬಾರಿಕಸ್ ಅದು. 742 ಗಿಡಗಳು, ತಾಮ್ರದ ತಗಡಿನಲ್ಲಿ ಕೊರೆದ ದೊಡ್ಡ ದೊಡ್ಡ ಚಿತ್ರಗಳು. ಚಿತ್ರಗಳ ಮೇಲೆ ಗಿಡದ ಹೆಸರು ರೋಮನ್, ಮಲಯಾಳಂ, ಅರಬ್ಬಿ, ನಾಗರಿ ಲಿಪಿಗಳಲ್ಲಿ. ನಮ್ಮ ಒಂದೆಲಗ ಹತ್ತನೆಯ ಸಂಪುಟದಲ್ಲಿ ಕೊಡಗಂ ಎಂಬ ಹೆಸರಿನಲ್ಲಿ ಬಂದಿದೆ. ಗಿಡಗಳನ್ನು ಗುರುತಿಸಿ ಗುಣ ಹೇಳಿದವರು ಯಾರು? ಚೇರ್ತಲ ಸಮೀಪದ ಈಳವ ವೈದ್ಯ ಇಟ್ಟಿ ಅಚ್ಯುತನ್, ಮನೆತನದಿಂದ ಬಂದ ಗ್ರಂಥವನ್ನು ನೋಡಿ ಹೇಳಿದವರು. ಜೊತೆಗೆ ಕೊಂಕಣಿ ಮಾತನಾಡುವ ಮೂವರು ವೈದ್ಯರು: ರಂಗ ಭಟ್ಟ, ವಿನಾಯಕ ಪಂಡಿತ, ಅಪ್ಪು ಭಟ್ಟ. ಈ ಮೂವರ ಕೊಂಕಣಿ ಪ್ರಮಾಣಪತ್ರ ನಾಗರಿ ಲಿಪಿಯಲ್ಲಿ ಆ ಪುಸ್ತಕದಲ್ಲೇ ಅಚ್ಚಾಗಿದೆ, ಅಚ್ಯುತನ್ ಅವರದೂ ಇದೆ. ಎಕ್ಪಾನಿ ಎನ್ನುವ ನಾಲಿಗೆಯವರು ಆ ಪುಸ್ತಕದೊಳಗೆ ಸಹಿ ಹಾಕಿ ಕುಳಿತಿದ್ದಾರೆ ಎಂಬುದನ್ನು ನೆನೆದಾಗ ನನಗೆ ಮೈ ಪುಳಕಗೊಳ್ಳುತ್ತದೆ. ಲ್ಯಾಟಿನ್‌ನಲ್ಲಿದ್ದ ಆ ಹನ್ನೆರಡು ಸಂಪುಟಗಳನ್ನು ಇಂಗ್ಲಿಷಿಗೂ ಮಲಯಾಳಂಗೂ ತರಲು ಕೇರಳದ ಸಸ್ಯವಿಜ್ಞಾನಿ ಕೆ. ಎಸ್. ಮಣಿಲಾಲ್ ಹತ್ತಾರು ವರ್ಷ ದುಡಿದರು. ಇಂಗ್ಲಿಷ್ ಅನುವಾದ 2003ರಲ್ಲಿ ಹೊರಬಂತು. ಅಚ್ಯುತನ್ ಹೆಸರನ್ನು ತುರಿಕೆಗಿಡಗಳ ಕುಟುಂಬದ ಒಂದು ಕುಲಕ್ಕೆ ಬ್ಲೂಮೆ ಎಂಬ ವಿಜ್ಞಾನಿ ಇಟ್ಟ, ಅಚುಡೆಮಿಯಾ ಎಂದು.

ಹೆಸರು ಉಳಿಯುವುದು ಎಲ್ಲರಿಗೂ ಸಿಕ್ಕ ಭಾಗ್ಯವಲ್ಲ. ನಮ್ಮ ಶಿವಮೊಗ್ಗದ್ದೇ ಕಥೆ ಕೇಳಿ. 1840ರ ದಶಕದಲ್ಲಿ ಹ್ಯೂ ಕ್ಲೆಗ್‌ಹಾರ್ನ್ ಎಂಬ ಸ್ಕಾಟ್ಲೆಂಡಿನ ವೈದ್ಯ ಅಲ್ಲಿ ಕೆಲಸದಲ್ಲಿದ್ದ. ದಿನಕ್ಕೊಂದು ಗಿಡವನ್ನು ಕಾಲು ಗಂಟೆಯಾದರೂ ನೋಡು ಎಂಬ ಸಸ್ಯವಿಜ್ಞಾನಿ ಹೂಕರ್‌ನ ಬುದ್ಧಿಮಾತನ್ನು ಪಾಲಿಸಿದ; ಜೊತೆಗೆ ಒಬ್ಬ ಮರಾಠಿ ಚಿತ್ರಕಾರನನ್ನು ನೇಮಿಸಿಕೊಂಡು ಗಿಡಗಳನ್ನು ಬರೆಸಿದ. ತುಂಗೆಯ ದಡದ ಗಿಡಗಳ ಆ ಚಿತ್ರಗಳು ಇಂದು ಎಡಿನ್‌ಬರೋದ ಸಸ್ಯೋದ್ಯಾನದಲ್ಲಿವೆ. ಬರೆಸಿದವನ ಹೆಸರನ್ನು ಆ ಸಂಗ್ರಹವೇ ಹೊತ್ತಿದೆ. ಬರೆದವನ ಹೆಸರು ನಮಗೆ ಬಂದಿಲ್ಲ. ಅದೇ ಕಾಲದಲ್ಲಿ ಮದರಾಸು ಪ್ರಾಂತ್ಯದಲ್ಲಿ ರಾಬರ್ಟ್ ವೈಟ್ ಎಂಬಾತ ರಂಗಯ್ಯ, ಗೋವಿಂದು ಎಂಬ ಇಬ್ಬರು ಚಿತ್ರಕಾರರಿಂದ ಸಾವಿರಾರು ಗಿಡಗಳನ್ನು ಬರೆಸಿದ. 2101 ಚಿತ್ರಫಲಕಗಳ ಅವನ ಗ್ರಂಥ 1853ರಲ್ಲಿ ಮುಗಿಯಿತು. ವೈಟ್ ಒಂದು ಆರ್ಕಿಡ್ ಕುಲಕ್ಕೆ ಗೋವಿಂದೂಯಿಯಾ ಎಂದು ತನ್ನ ಚಿತ್ರಕಾರನ ಹೆಸರಿಟ್ಟ. ನಂತರದ ವಿಜ್ಞಾನಿಗಳು ಆ ಕುಲವನ್ನು ಬೇರೆಯದರಲ್ಲಿ ಸೇರಿಸಿಬಿಟ್ಟರು, ಅದು ಬೇರೆ ಮಾತು. ಜರ್ಮನಿಯ ಫುಕ್ಸ್ 1542ರಲ್ಲೇ ತನ್ನ ಮೂಲಿಕೆ ಪುಸ್ತಕದ ಕೊನೆಯಲ್ಲಿ ಚಿತ್ರ ಬರೆದವನು, ಅದನ್ನು ಮರದ ಅಚ್ಚಿಗೆ ಇಳಿಸಿದವನು, ಅಚ್ಚು ಕೆತ್ತಿದವನು, ಈ ಮೂವರ ಮುಖಗಳನ್ನೂ ಹೆಸರುಗಳನ್ನೂ ಹಾಕಿದ್ದ. ನೀವು ಇಲ್ಲಿ ಬರೆಯುವ ಪ್ರತಿ ಹಾಳೆಯ ಕೆಳಗೆ ಮೂರು ಹೆಸರು ಇರಲಿ: ಗಿಡದ್ದು, ಅದನ್ನು ತೋರಿಸಿಕೊಟ್ಟವರದು, ಬರೆದವರದು. ದಿನಾಂಕ, ಜಾಗ ಮರೆಯಬೇಡಿ.

ಇಷ್ಟು ಹೊತ್ತು ಗುರುತು ಹಿಡಿಯುವ ಚಿತ್ರದ ಮಾತಾಯಿತು. ಗಿಡವನ್ನು ಬರೆಯದೆಯೇ ಗಿಡಕ್ಕೆ ಮರ್ಯಾದೆ ಮಾಡುವ ಚಿತ್ರವೂ ನಮ್ಮಲ್ಲಿದೆ, ಅದನ್ನು ಬಿಟ್ಟು ಮುಂದೆ ಹೋಗಲಾರೆ. ಸಾಗರ, ಸೊರಬ, ಸಿದ್ದಾಪುರದ ಕಡೆಯ ದೀವರ ಹೆಂಗಸರು ಭೂಮಿ ಹುಣ್ಣಿಮೆಗೆ ಬುಟ್ಟಿ ಬರೆಯುತ್ತಾರೆ. ಬುಟ್ಟಿಗೆ ಕೆಮ್ಮಣ್ಣು ಬಳಿದು ಒಣಗಿಸಿ, ಅಕ್ಕಿ ಅರೆದ ಬಿಳಿಯಲ್ಲಿ ಪುಂಡಿ ನಾರಿನ ಕುಂಚದಿಂದ ಚಿತ್ತಾರ ಎಳೆಯುತ್ತಾರೆ. ಭೂಮಣ್ಣಿ ಬುಟ್ಟಿ ಎಂದು ಅದರ ಹೆಸರು. ಹುಣ್ಣಿಮೆಯ ರಾತ್ರಿ ಬಗೆಬಗೆಯ ಬೆರಕೆ ಸೊಪ್ಪುಗಳನ್ನು ಬೇಯಿಸಿ, ಬೆಳಕು ಹರಿಯುವ ಮೊದಲು ಆ ಬುಟ್ಟಿಯಲ್ಲಿ ಹೊತ್ತು ಗದ್ದೆಗೆ ಹೋಗಿ ಚರಗ ಚೆಲ್ಲುತ್ತಾರೆ. ಬಸುರಿ ಭೂಮಿಗೆ ಬಯಕೆಯೂಟ. ಬೇಲಿಯ, ಬದುವಿನ ಸೊಪ್ಪನ್ನು ಕಳೆ ಎನ್ನದೆ ಒಂದೊಂದನ್ನೂ ಹೆಸರಿಟ್ಟು ಕರೆದು ಕೊಯ್ಯುವ ಹಬ್ಬ ಅದು. ಅಂಥ ಬುಟ್ಟಿ ಬರೆಯುವ ಹಿರಿಯರೊಬ್ಬರನ್ನು, ಈ ಗೆರೆಗಳಲ್ಲಿ ಸೊಪ್ಪು ಎಲ್ಲಿದೆ ಎಂದು ಕೇಳಿದ್ದೆ. "ಸೊಪ್ಪು ಬುಟ್ಟಿಯ ಒಳಗಿರುತ್ತದಲ್ಲ ಅಮ್ಮಾ, ಹೊರಗೆ ಯಾಕೆ ಬರೆಯಬೇಕು?" ಎಂದರು. ಬಣ್ಣಗಳನ್ನು ಕೇಳಿದರೆ ಅಲ್ಲಿಯೂ ಗಿಡವೇ: ಹಳದಿಗೆ ಗುರಿಗೆ ಕಾಯಿ, ಕಪ್ಪಿಗೆ ಹುರಿದು ಕರಕಾಗಿಸಿದ ಅಕ್ಕಿ.

ಇನ್ನು ಕಾಗದ ತೆಗೆದುಕೊಳ್ಳಿ. ಸೀಸದಕಡ್ಡಿಯನ್ನು ಚೂಪು ಮಾಡಿಕೊಳ್ಳಿ. ಬಟ್ಟೆಯಿಂದ ಎಲೆಯನ್ನು ಬಿಡಿಸಿ ಎಡಗೈ ಪಕ್ಕದಲ್ಲಿಡಿ, ಬೆಳಕು ಕಿಟಕಿಯ ಕಡೆಯಿಂದ ಬರಲಿ. ಅಳತೆ ಎಲೆಯದೇ ಇರಲಿ, ಹಿಗ್ಗಿಸಬೇಡಿ. ಮೊದಲು ಕಚ್ಚು, ತೊಟ್ಟು ಬಂದು ಸೇರುವ ಆ ಒಂದು ಬಿಂದು. ಅಲ್ಲಿಂದ ನರಗಳು, ಎಷ್ಟಿವೆಯೋ ಎಣಿಸಿ ಅಷ್ಟೇ. ಆಮೇಲೆ ಅಂಚು. ಹುಳು ತಿಂದ ತೂತು ಇದ್ದರೆ ಅದನ್ನೂ ಬರೆಯಿರಿ. ಬಣ್ಣಕ್ಕೆ ನಾಳೆ ಬರೋಣ. ಬರೆಯುವಾಗ ಮಾತು ಬೇಡ, ಕಾಲು ಗಂಟೆ ಎಲೆಯನ್ನೇ ನೋಡುತ್ತಿರಿ. ಮುಗಿಸಿದವರು ಎಲೆಯನ್ನು ಎಸೆಯದೆ ಬಾಗಿಲ ಬಳಿಯ ಪಾತ್ರೆಗೆ ಹಾಕಿ. ಅಲ್ಲಿ ಬೇರು ಸಮೇತ ಇಟ್ಟಿರುವ ಬಳ್ಳಿಗಳಿಂದ ಹೋಗುವಾಗ ಒಬ್ಬೊಬ್ಬರು ಒಂದೊಂದು ಗೆಣ್ಣು ತೆಗೆದುಕೊಂಡು ಹೋಗಿ, ಬಚ್ಚಲ ನೀರು ಹೋಗದ, ಆದರೆ ಒದ್ದೆ ಆರದ ಜಾಗದಲ್ಲಿ ಊರಿ. ಪಾತ್ರೆಗೆ ಬಿದ್ದ ಎಲೆಗಳು ಮತ್ತೊಮ್ಮೆ ತೊಳೆದು ಒರಳಿಗೆ ಹೋಗುತ್ತವೆ. ಮಧ್ಯಾಹ್ನದ ಊಟಕ್ಕೆ ತಂಬುಳಿ ಇದೆ.